ಡ್ರಮ್ಮು ಎದ್ದೈತಾ?

ನಮ್ಮ ಅತ್ತೆಗೆ ಇಬ್ಬರು ಗಂಡುಮಕ್ಕಳು. ದೊಡ್ಡದು ಕಬ್ಬಿಣದ್ದು, ಚಿಕ್ಕವರು ನನ್ನ ಯಜಮಾನರು. ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಮಾತ್ರ ದಯವಿಟ್ಟು ಕೇಳಬೇಡಿ! ಮದುವೆಯಾದ ಹೊಸದರಲ್ಲಿ ಬುದ್ಧಿಯಿಲ್ಲದೆ ನಾನೊಮ್ಮೆ ಕೇಳಿದ್ದೆ. ಅತ್ತೆ ಹಿತ್ತಲ ಕಡೆ ಕೈ ತೋರಿಸಿ, "ಅವ್ನು ಒಂದಿನಾನೂ ನಂಗೆ ಎದುರು ಮಾತಾಡಿಲ್ಲ ಕಣವ್ವ" ಎಂದುಬಿಟ್ಟರು. ಸೋಫಾದಲ್ಲಿ ಕೂತಿದ್ದ ಯಜಮಾನರು ಟೀವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿದರು.

ಹಿತ್ತಲಲ್ಲಿದ್ದದ್ದು ಗೋಬರ್ ಗ್ಯಾಸಿನ ಡ್ರಮ್ಮು. ನೋಡದವರಿಗಾಗಿ ಹೇಳುತ್ತೇನೆ. ನೆಲದಲ್ಲಿ ಸಣ್ಣ ಬಾವಿಯಂಥ ಇಟ್ಟಿಗೆಯ ಗುಂಡಿ. ಅದರ ತುಂಬ ನೀರಿನಲ್ಲಿ ಕಲಸಿದ ಸಗಣಿಯ ಬಗ್ಗಡ. ಅದರ ಮೇಲೆ ಬೋರಲಾಗಿ ತೇಲುವ ದೊಡ್ಡ ಕಬ್ಬಿಣದ ಡ್ರಮ್ಮು. ಆಳೊಬ್ಬ ಕೈಕಾಲು ಚಾಚಿ ಮಲಗುವಷ್ಟು ಅಗಲ, ಆದರೆ ಎತ್ತರ ಸೊಂಟದವರೆಗೆ ಮಾತ್ರ. ಒಳಗೆ ಗ್ಯಾಸು ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಒಲೆ ಉರಿಸಿದಂತೆ ಕೆಳಗಿಳಿಯುತ್ತದೆ. ಬೇರೆ ಮನೆಗಳಲ್ಲಿ ಬೆಳಿಗ್ಗೆ ಎದ್ದವರು ಹಾಲು ಬಂತಾ, ಪೇಪರ್ ಬಂತಾ ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಅತ್ತೆಯ ಮೊದಲ ಪ್ರಶ್ನೆ, "ಡ್ರಮ್ಮು ಎದ್ದೈತಾ?"

ಇದು ಯಾವುದೋ ಹಳ್ಳಿಯ ಕಥೆ ಎಂದುಕೊಳ್ಳಬೇಡಿ ಮತ್ತೆ. ನಾಗಸಂದ್ರದ ಮೆಟ್ರೋ ಸ್ಟೇಷನ್ನಿನಿಂದ ನಡೆದು ಬರಬಹುದಾದ ಮನೆ ನಮ್ಮದು. ಮಹಡಿಯಲ್ಲಿ ನಿಂತು ಎದುರಿಗೆ ನೋಡಿದರೆ ಎಸಿ ರೈಲು, ಕೆಳಗೆ ಬಗ್ಗಿ ನೋಡಿದರೆ ಸಗಣಿ. ಒಂದು ಕಾಲಕ್ಕೆ ಇದೆಲ್ಲ ಅತ್ತೆಯವರ ರಾಗಿ ಹೊಲ. ಈಗ ರಾಗಿಯ ಬದಲು ಬಾಡಿಗೆ ಮನೆಗಳು ಎದ್ದಿವೆ, ಒಂದಕ್ಕೊಂದು ಅಂಟಿಕೊಂಡು. ಪೀಣ್ಯದ ಫ್ಯಾಕ್ಟರಿಗಳಿಗೆ, ಗಾರ್ಮೆಂಟ್ಸಿಗೆ ಹೋಗುವವರು ಅಲ್ಲಿದ್ದಾರೆ. ಹೆಚ್ಚಿನವರು ಕೊಪ್ಪಳ, ರಾಯಚೂರು ಕಡೆಯವರು. ದನಗಳೆಲ್ಲ ಹೋಗಿ ಒಂದೇ ಒಂದು ಹಸು ಉಳಿದಿದೆ. ಅದನ್ನು ಗೇಟಿನ ಪಕ್ಕದ ಶೀಟಿನ ಕೆಳಗೆ ಕಟ್ಟುತ್ತೇವೆ. ಅದು ಹಾಲು ಕೊಡುವುದು ನಿಂತು ಎಷ್ಟೋ ಕಾಲವಾಯಿತು. ಹಾಲಿಗಾಗಿ ಅದನ್ನು ಸಾಕಿದ್ದಾರೆಂದು ನೀವು ತಿಳಿದರೆ ಅದು ನಿಮ್ಮ ತಪ್ಪು!

ಡ್ರಮ್ಮಿಗೆ ಒಂದು ಕಟ್ಟಳೆಯಿತ್ತು. ಬಗ್ಗಡದ ಮೇಲೆ ಕೆನೆ ಕಟ್ಟಿದರೆ ಗ್ಯಾಸು ಮೇಲೆ ಬರುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಡ್ರಮ್ಮಿನ ಹಿಡಿ ಹಿಡಿದು ಅದನ್ನು ಒಂದು ಸುತ್ತು ತಿರುಗಿಸಬೇಕು, ರಾಗಿಕಲ್ಲು ತಿರುಗಿಸಿದ ಹಾಗೆ. ಮದುವೆಯ ಮಾರನೇ ದಿನ ನಾನು ಅರಿಶಿನದ ಕೈಯಲ್ಲಿ, ರಂಗೋಲಿ ಡಬ್ಬಿ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಅತ್ತೆ ನನ್ನ ರೇಷ್ಮೆ ಸೀರೆಯ ಸೆರಗನ್ನು ತಾವೇ ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಕರೆದುಕೊಂಡು ಹೋದರು.

"ತಿರುಗ್ಸು."

"ಅತ್ತೆ, ಕಾಫಿ ಕುಡಿದು…"

"ಕಾಫಿ ಇದ್ರ ಒಲೆ ಮೇಲೇನೇ ಆಗೋದು. ತಿರುಗ್ಸಿದೋರಿಗೆ ಬೆಂಕಿ. ಈ ಮನೇಲಿ ಅದೊಂದೇ ರೂಲ್ಸು."

ತಿರುಗಿಸಿದೆ. ತವರಿಗೆ ಫೋನ್ ಮಾಡಿ ಅಳೋಣವೆಂದರೆ ಅಮ್ಮ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ಅಪ್ಪನಿಗೆ ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ನಾನೂ ಜಾಣಳಾದೆ. ಪೀಣ್ಯದ ಒಂದು ಕಂಪನಿಯ ಆಫೀಸಿನಲ್ಲಿ ನನ್ನ ಕೆಲಸ. ಬಸ್ಸು ತಪ್ಪುತ್ತದೆ, ಮೀಟಿಂಗಿದೆ ಎಂದು ದಿನಾ ಒಂದು ನೆಪ ಹೇಳಿ ಡ್ರಮ್ಮನ್ನು ಬೆರಳ ತುದಿಯಲ್ಲಿ ಮುಟ್ಟಿ ಶಾಸ್ತ್ರ ಮುಗಿಸುತ್ತಿದ್ದೆ. ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ನನ್ನ ಕಾಫಿ ದಿನಾ ಉಗುರುಬೆಚ್ಚಗೇ ಬರುತ್ತಿತ್ತು!

ಒಂದು ಹಸುವಿನ ಸಗಣಿ ಎಷ್ಟಕ್ಕೆ ಸಾಲುತ್ತದೆ? ಅದಕ್ಕೆ ತರಕಾರಿ ಸಿಪ್ಪೆ, ಹಳಸಿದ ಅನ್ನವನ್ನೂ ಹಾಕಬೇಕು. ಬಾಡಿಗೆ ಮನೆ ಕೇಳಿಕೊಂಡು ಬಂದವರನ್ನು ಬೇರೆ ಓನರ್‌ಗಳು ಎಲ್ಲಿ ಕೆಲಸ, ಎಷ್ಟು ಜನ ಎಂದು ವಿಚಾರಿಸುತ್ತಾರೆ. ನಮ್ಮತ್ತೆ ಕೇಳುವುದು, "ವಾರಕ್ಕೆ ಎಷ್ಟು ತರಕಾರಿ ತರ್ತೀರಾ?" ಒಳ್ಳೆಯ ಸಂಬಳದ ಬ್ಯಾಚುಲರ್ ಹುಡುಗರಿಬ್ಬರು ಅಡ್ವಾನ್ಸ್ ಹಿಡಿದುಕೊಂಡೇ ಬಂದಿದ್ದರು. "ಓಟ್ಲಲ್ಲಿ ತಿನ್ನೋರು ನನ್ ಡ್ರಮ್ಮಿಗೆ ಏನಾಕ್ತಾರೆ?" ಎಂದು ಅವರನ್ನು ಬೀದಿಯಿಂದಲೇ ವಾಪಸು ಕಳಿಸಿದರು. ಇನ್ನು ನಿಂಬೆಹಣ್ಣಿನ ಸಿಪ್ಪೆ ಹಾಕಿದವರ ಗತಿ ಕೇಳಬೇಡಿ. ನಿಂಬೆ ಬಿದ್ದರೆ ಡ್ರಮ್ಮಿಗೆ ಹೊಟ್ಟೆ ಕೆಡುತ್ತದಂತೆ.

ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು ಹುಲಿಗೆವ್ವ. ಕೊಪ್ಪಳ ಕಡೆಯ ಹುಡುಗಿ, ಕೊನೆಯ ಮನೆಯಲ್ಲಿದ್ದಳು. ಗಂಡ ಪೀಣ್ಯದ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ವೆಲ್ಡರು. ದಿನಾ ಬೆಳಿಗ್ಗೆ ಸಿಪ್ಪೆಯ ಬಕೆಟ್ಟು ತಂದು ಸುರಿದು, ಯಾರೂ ಹೇಳದೆಯೇ ಡ್ರಮ್ಮನ್ನು ಪೂರ್ತಿ ಒಂದು ಸುತ್ತು ತಿರುಗಿಸುವಳು. ಬಸುರಿಯಾದ ಮೇಲೂ ಬಿಡಲಿಲ್ಲ. "ಬ್ಯಾಡ ಕಣೇ" ಎಂದು ಅತ್ತೆ ಗದರಿದರೆ, "ತಿರುಗ್ಸಿದ್ರ ಹೆರಿಗಿ ಹಗೂರ ಆಕ್ಕತಂತ್ರೀ ಅವ್ವಾರ" ಎಂದು ತಾನೇ ಕಟ್ಟಿದ ಹೊಸ ಶಾಸ್ತ್ರ ಹೇಳಿ ನಗುವಳು. ಅವಳಿಗೆ ಹೆರಿಗೆಗೆ ಊರಿಗೆ ಹೋಗುವಂತಿರಲಿಲ್ಲ. ತಾಯಿ ಇರಲಿಲ್ಲ, ಅಣ್ಣಂದಿರೂ ದುಡಿಯಲು ಗೋವಾ ಸೇರಿದ್ದರು.

ಇಂಥ ಸುಖಸಂಸಾರದ ನಡುವೆ ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಬಿರುಕು ಬಿಟ್ಟಿತು.

ನನಗೆ ಒಳಗೊಳಗೇ ಖುಷಿ! ಎಷ್ಟು ವರ್ಷದಿಂದ ಹೊಸ ಅಡುಗೆಮನೆಗೆ ಕಾಯುತ್ತಿದ್ದೆ. ಎಳೆದರೆ ಸದ್ದಿಲ್ಲದೆ ಬರುವ ಡ್ರಾಯರ್, ಒಗ್ಗರಣೆಯ ಹೊಗೆ ನುಂಗುವ ಚಿಮಣಿ, ಎಲ್ಲ ಫೋನಿನಲ್ಲಿ ಸೇವ್ ಮಾಡಿಟ್ಟಿದ್ದೆ. ಮೇಸ್ತ್ರಿ ಬಂದು ಗೋಡೆ ತಟ್ಟಿ, ನೆಲ ಕುಟ್ಟಿ, ಟೇಪು ಹಿಡಿದ.

"ಅಕ್ಕಾ, ಗೋಡೆ ನಿಲ್ಬೇಕು ಅಂದ್ರೆ ಒಂದು ಪಿಲ್ಲರ್ ಕೊಡ್ಲೇಬೇಕು. ಅದು ಬರೋದು ಕರೆಕ್ಟಾಗಿ ಈ ಡ್ರಮ್ ಇರೋ ಜಾಗದಲ್ಲಿ."

"ಪಿಲ್ಲರ್ನ ವಸಿ ಜರುಗ್ಸು" ಎಂದರು ಅತ್ತೆ.

"ಪಿಲ್ಲರ್ ಜರುಗಿಸಿದ್ರೆ ಮೇಲ್ಗಡೆ ಮನೇನೇ ಜರುಗುತ್ತೆ ಅಜ್ಜಿ."

"ಜರುಗ್ಲಿ. ಅದು ಮೊನ್ನೆ ಬಂದಿದ್ದು. ಡ್ರಮ್ಮು ಮೊದ್ಲು ಬಂದಿದ್ದು."

ಯಜಮಾನರು ಗಂಟಲು ಸರಿಮಾಡಿಕೊಂಡು, "ಅಮ್ಮಾ, ಈ ಕಾಲದಲ್ಲಿ ಯಾರಮ್ಮ ಗೋಬರ್ ಗ್ಯಾಸ್ ಇಡ್ತಾರೆ? ಕಟ್ ಮಾಡ್ಸಿ ಗುಜರಿಗೆ ಹಾಕ್ಬಿಡೋಣ" ಎಂದರು. ಅತ್ತೆ ಕಾಫಿ ಲೋಟ ಹಿಡಿದುಕೊಂಡು ಹೋಗಿ ಡ್ರಮ್ಮಿನ ಮೇಲೆ ಹತ್ತಿ ಕೂತರು. ಸತ್ಯಾಗ್ರಹ! ಅವರ ಭಾರಕ್ಕೆ ಡ್ರಮ್ಮು ಕೆಳಕ್ಕೆ ಒತ್ತಿಕೊಂಡಿತು. ಒತ್ತಿದ್ದಕ್ಕೆ ಗ್ಯಾಸು ಪೈಪಿನಲ್ಲಿ ನುಗ್ಗಿತು. ನಾನು ಒಳಗೆ ಸಣ್ಣ ಉರಿಯಲ್ಲಿ ಇಟ್ಟಿದ್ದ ಹಾಲು ಭುಸ್ಸೆಂದು ಉಕ್ಕಿ ಕಟ್ಟೆಯೆಲ್ಲ ಹರಿದು ನನ್ನ ಕಾಲ ಮೇಲೆ ಬಿತ್ತು. ಸತ್ಯಾಗ್ರಹಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದು ಅವತ್ತೇ ಇರಬೇಕು. ಸಂಜೆಯ ಹೊತ್ತಿಗೆ ನಾವಿಬ್ಬರೂ ಸೋತೆವು.

ಒಪ್ಪಂದ ಹೀಗಾಯಿತು. ಗೇಟಿನ ಬಳಿ ಹಸುವಿನ ಪಕ್ಕದಲ್ಲಿ ಹೊಸ ಗುಂಡಿ. ಡ್ರಮ್ಮು ಎಲ್ಲೂ ಕತ್ತರಿಸದೆ ಇಡಿಯಾಗಿ ಅಲ್ಲಿಗೆ ಹೋಗಬೇಕು. ಇಷ್ಟೇ ಆಗಿದ್ದರೆ ಸರಿ. ಅತ್ತೆ ಇನ್ನೊಂದು ಷರತ್ತು ಸೇರಿಸಿದರು. "ಬರೋ ಹುಣ್ಣಿಮೆ ಒಳಗೆ ಒಲೆ ಹತ್ಬೇಕು. ತಪ್ಪಂಗಿಲ್ಲ."

ಹುಣ್ಣಿಮೆಯೇ ಯಾಕೆ? ಯಾವುದೋ ಹರಕೆ ಇರಬೇಕೆಂದು ನಾನಂದುಕೊಂಡೆ. ಮಾವನವರ ನೆನಪಿನ ಪೂಜೆ ಇರಬೇಕೆಂದು ಯಜಮಾನರು ಅಂದುಕೊಂಡರು. ಡ್ರಮ್ಮು ತಂದವರು ಮಾವನವರೇ. ಮರುದಿನ ಅತ್ತೆ ಅಟ್ಟದ ಮೇಲಿನ ತಾಮ್ರದ ಹಂಡೆಯನ್ನೂ ಇಳಿಸಿ, ಹುಣಸೆಹಣ್ಣು ಹಚ್ಚಿ ಥಳಥಳ ಬೆಳಗಿಸಿದರು. "ಹಾಲ್‌ನಲ್ಲಿ ಶೋಗೆ ಇಡ್ತಾರೆ ನೋಡು, ಈಗ ಅದೇ ಫ್ಯಾಷನ್" ಎಂದರು ಯಜಮಾನರು. ನಾವಿಬ್ಬರೂ ಓದಿದವರು ನೋಡಿ!

ಯಜಮಾನರು ಮಾತ್ರ ಆಸೆ ಬಿಟ್ಟಿರಲಿಲ್ಲ. ಗುಟ್ಟಾಗಿ ಗುಜರಿಯವನೊಬ್ಬನನ್ನು ಕರೆಸಿದರು. ಅತ್ತೆಗೆ ಅದು ಅವನು ಗೇಟು ದಾಟುವ ಮೊದಲೇ ಗೊತ್ತಾಗಿತ್ತು. ಬೈಯಲಿಲ್ಲ, ಕೂಗಾಡಲಿಲ್ಲ. ಮಣೆ ಹಾಕಿ ಕೂರಿಸಿ, ಗ್ಯಾಸಿನ ಒಲೆಯಲ್ಲಿ ಕಾಸಿದ ಕಾಫಿ ಕೊಟ್ಟರು. ಅವನು ಕುಡಿದು ಲೋಟ ಕೆಳಗಿಡುವವರೆಗೂ ಎದುರಿಗೇ ನಿಂತಿದ್ದರು.

"ಎಂಗಿತ್ತಪ್ಪ ಕಾಫಿ?"

"ಸಕ್ಕತ್ತಾಗಿತ್ತು ಅಮ್ಮ."

"ಈ ಡ್ರಮ್ಮಿನ ಬೆಂಕೀಲಿ ಕಾಸಿದ್ದು. ಈಗ ಕಡಿ, ಯಾವ ಕಡೆಯಿಂದ ಕಡೀತೀಯೋ ಕಡಿ."

ಅವನು ಡ್ರಮ್ಮನ್ನು ನೋಡಿದ, ಲೋಟವನ್ನು ನೋಡಿದ, ಯಜಮಾನರನ್ನಂತೂ ನೋಡಲೇ ಇಲ್ಲ. "ಬೇಡ ಬಿಡಿ ಸಾರ್" ಎಂದು ಎದ್ದು ಹೋದ. ಡ್ರಮ್ಮು ಎತ್ತುವ ದಿನ ಮಾತ್ರ ಹಗ್ಗ ಹಿಡಿದುಕೊಂಡು ತಾನಾಗಿಯೇ ಬಂದ, ಆ ಮಾತು ಬೇರೆ.

ಆಮೇಲೆ ಬಂತು ನೋಡಿ ನಿಜವಾದ ಸಂಕಟ. ಹಿತ್ತಲಿನಿಂದ ಗೇಟಿಗೆ ಇರುವ ದಾರಿ ಬಾಡಿಗೆ ಮನೆಗಳ ನಡುವಿನ ಸಂದಿ ಒಂದೇ. ಯಜಮಾನರು ಟೇಪು ಹಿಡಿದರು. ಸಂದಿಗಿಂತ ಡ್ರಮ್ಮು ಹೆಚ್ಚುಕಡಿಮೆ ಎರಡರಷ್ಟು ಅಗಲ!

"ಮತ್ತೆ ಇದು ಒಳಗೆ ಹೇಗಮ್ಮ ಬಂತು?"

"ಎತ್ತಿನ ಗಾಡೀಲಿ. ಆಗ ಸಂದಿ ಎಲ್ಲಿತ್ತು? ಒಲ ಇತ್ತು. ಸಂದಿ ಮಾಡಿದ್ದು ನೀನು."

ಅದೇನೋ ನಿಜ. ನಮ್ಮ ಕಡೆ ಹೊಲ ಹೋಗಿ ಮನೆ ಎದ್ದವರೆಲ್ಲ ಮಾಡಿದ ಕೆಲಸವೇ ಇದು. ಒಂದೊಂದು ವರ್ಷಕ್ಕೆ ಒಂದೊಂದು ಮನೆ ಸೇರಿಸುತ್ತ, ಅಡಿ ಅಡಿ ಜಾಗ ಉಳಿಸುತ್ತ, ಮಧ್ಯದಲ್ಲಿ ಒಂದು ವಸ್ತುವಿದೆ, ಅದು ಮುಂದೊಂದು ದಿನ ಹೊರಗೆ ಬರಬೇಕಾದೀತು ಎಂಬುದನ್ನೇ ಮರೆಯುವುದು. ನಮ್ಮ ಬೀದಿಯಲ್ಲೇ ಒಂದು ಮನೆಯ ಹಿತ್ತಲಲ್ಲಿ ಟ್ರ್ಯಾಕ್ಟರ್ ಸಿಕ್ಕಿಹಾಕಿಕೊಂಡಿದೆ, ಅದರ ಮೇಲೆ ಈಗ ಬಟ್ಟೆ ಒಣಗಿಸುತ್ತಾರೆ. ಪೀಣ್ಯದಿಂದ ಕ್ರೇನ್ ತರಿಸಿದೆವು. ಅದರ ಡ್ರೈವರ್ ತಲೆಯೆತ್ತಿ ಕರೆಂಟು ತಂತಿಗಳನ್ನು ನೋಡಿ, ಟೀ ಕುಡಿದು, "ಹೆಲಿಕಾಪ್ಟರ್ ಕರೆಸಿ ಮೇಡಂ" ಎಂದು ಹೊರಟುಹೋದ.

ದಾರಿ ಹೊಳೆದದ್ದು ಅತ್ತೆಗೆ, ಅದೂ ತಿಂಡಿಯ ಹೊತ್ತಿನಲ್ಲಿ. ಅವತ್ತು ತಟ್ಟೆ ಇಡ್ಲಿ. ಅತ್ತೆ ಎರಡು ಕಾಫಿ ಲೋಟಗಳನ್ನು ಹತ್ತಿರ ಹತ್ತಿರ ಇಟ್ಟು, ಇಡ್ಲಿಯನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಉರುಳಿಸಿ ಆಚೆ ದಾಟಿಸಿದರು. ಅಗಲ ಇದ್ದರೇನು, ದಪ್ಪ ಕಡಿಮೆಯಿದೆಯಲ್ಲ! ಡ್ರಮ್ಮನ್ನು ಎಬ್ಬಿಸಿ ನಿಲ್ಲಿಸಿ ಗಾಡಿಯ ಚಕ್ರದ ಹಾಗೆ ಉರುಳಿಸುವುದು! ಇಡ್ಲಿ ನನ್ನ ಮಡಿಲಿಗೆ ಬಂದು ಬಿತ್ತು. ಚಟ್ನಿ ಸಮೇತ.

ಎತ್ತುವ ಮುನ್ನ ಒಳಗಿನ ಗ್ಯಾಸನ್ನೆಲ್ಲ ಬಿಡಬೇಕು. ಆ ದಿನ ಅತ್ತೆ ಇಡೀ ಸಂದಿಗೆ ಕರ್ಫ್ಯೂ ಹಾಕಿದರು. ಒಲೆ ಇಲ್ಲ, ಬೀಡಿ ಇಲ್ಲ, ದೇವರಿಗೆ ಊದುಬತ್ತಿಯೂ ಇಲ್ಲ. ಕೊಳೆತ ಮೊಟ್ಟೆಯ ವಾಸನೆ ಗಾಳಿಗೇರಿ ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆಲ್ಲ ಹತ್ತಿತು. ಅವರ ವಾಟ್ಸಾಪ್ ಗ್ರೂಪಿನಲ್ಲಿ ಗ್ಯಾಸ್ ಲೀಕ್ ಎಂದು ಸುದ್ದಿ ಹಬ್ಬಿ, ಸೆಕ್ಯುರಿಟಿಯವನು ಓಡಿಬಂದ.

"ಅಮ್ಮಾ, ಗ್ಯಾಸ್ ಲೀಕ್ ಆಗ್ತಿದೆಯಂತೆ!"

"ಲೀಕ್ ಅಲ್ಲ ಕಣಪ್ಪ, ನಾನೇ ಬಿಡ್ತಾ ಇವ್ನಿ" ಎಂದರು ಅತ್ತೆ, ಸೊಂಟದ ಮೇಲೆ ಕೈಯಿಟ್ಟುಕೊಂಡು.

ಅವನು ವಾಪಸು ಹೋಗಿ ಅವರಿಗೆ ಏನು ವರದಿ ಒಪ್ಪಿಸಿದನೋ, ನಾನು ಆಮೇಲೆ ಒಂದು ವಾರ ಆ ಕಡೆ ತಲೆ ಎತ್ತಿ ನೋಡಲಿಲ್ಲ.

ಭಾನುವಾರ ಬಂತು. ಹುಲಿಗೆವ್ವನ ಗಂಡ ಶೆಡ್ಡಿನಿಂದ ಚೈನ್ ಪುಲ್ಲಿ ತಂದು ಮೂರು ಸರ್ವೆ ಮರದ ಕಂಬಗಳನ್ನು ಕಟ್ಟಿ ತೂಗುಹಾಕಿದ. ಬಾಡಿಗೆಯವರೆಲ್ಲ ಲುಂಗಿ ಎತ್ತಿ ಕಟ್ಟಿದರು. ಕಟಕಟ ಎಂದು ಸರಪಳಿ ಎಳೆದಂತೆ ಡ್ರಮ್ಮು ಬಗ್ಗಡ ಸುರಿಸುತ್ತ ಮೇಲೆದ್ದಿತು. ಇಷ್ಟು ವರ್ಷವಾದ ಮೇಲೆ ಅದರ ಒಳಮೈ ಬೆಳಕು ಕಂಡಿತ್ತು. ಅತ್ತೆ ತೆಂಗಿನಕಾಯಿ ಒಡೆದರು. ಆಮೇಲೆ ಕಲ್ಲಂಗಡಿ ಕೊಳ್ಳುವವರಂತೆ ಸುತ್ತಲೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಗಟ್ಟಿ ಐತೆ" ಎಂದು ತೀರ್ಪು ಕೊಟ್ಟರು. ಹಳೇ ಗುಂಡಿಯ ಬಗ್ಗಡವನ್ನೂ ಬಿಡುವ ಹಾಗಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸ ಗುಂಡಿಗೆ ಹಳೆಯದೇ ಬೇಕು. ಬಕೆಟ್ಟುಗಳು ಕೈಯಿಂದ ಕೈಗೆ ದಾಟಿದವು. ಸಾಲಿನಲ್ಲಿ ನಾನೂ ಇದ್ದೆ, ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಮನಸ್ಸಿನಲ್ಲಿ ಚಿಮಣಿಯನ್ನು ನೆನೆಯುತ್ತ.

ಡ್ರಮ್ಮು ಉರುಳತೊಡಗಿತು. ಮುಂದೆ ಅತ್ತೆ, ಸೀರೆ ಮೇಲೆ ಕಟ್ಟಿ, "ಐಸಾ! ಎಳೀರಿ! ನಿಧಾನ!" ಎಂದು ಕೂಗುತ್ತ ಹಿಂದೆ ಹಿಂದೆ ಹೆಜ್ಜೆಯಿಡುತ್ತಿದ್ದರು. ಹಗ್ಗ ಹಿಡಿದವರು ಮುಂದೆ, ತಳ್ಳುವವರು ಹಿಂದೆ. ಬಾಗಿಲುಗಳ ಮುಂದಿನ ಚಪ್ಪಲಿ, ಬಕೆಟ್ಟು, ತುಳಸಿ ಕುಂಡ ಎಲ್ಲ ಒಳಗೆ ಹೋದವು. ಅರ್ಧ ಸಂದಿ ದಾಟಿದ್ದಷ್ಟೇ. ಕರಕ್ ಎಂದು ಡ್ರಮ್ಮು ನಿಂತುಬಿಟ್ಟಿತು.

ಏನಾಗಿತ್ತೆಂದರೆ, ಹೋದ ವರ್ಷ ಯಜಮಾನರು ಒಂದು ಮನೆಗೆ ಹೊಳೆಯುವ ಕರಿ ಗ್ರಾನೈಟಿನ ಮೆಟ್ಟಿಲು ಹಾಕಿಸಿದ್ದರು. ಸಂದಿಯೊಳಗೆ ಒಂದು ಗೇಣು ಚಾಚಿಕೊಂಡಿತ್ತು. ಅದೂ ಗೋಡೆಯೂ ಸೇರಿ ಡ್ರಮ್ಮನ್ನು ಕಚ್ಚಿಹಿಡಿದಿದ್ದವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಾಗಿಲಿಗೆ ಡ್ರಮ್ಮು ಅಡ್ಡ ಬಂದವರು ಮನೆಯೊಳಗೇ ಬಂದಿ! "ನಂದು ಇವತ್ತೂ ಡ್ಯೂಟಿ ಐತ್ರೀ ಅಣ್ಣಾರ, ಹೆಂಗ್ ಹೊರಗ ಬರ್ಲಿ?" ಎಂದು ಗಾರ್ಮೆಂಟ್ಸಿನ ಹೆಂಗಸೊಬ್ಬಳು ಕಿಟಕಿಯಿಂದ ಕೂಗಿದಳು.

"ಅಮ್ಮಾ, ಡ್ರಮ್ಮಿನ ಅಂಚು ಒಂಚೂರು ಕಟ್ ಮಾಡ್ಸಿದ್ರೆ ಸಾಕು" ಎಂದರು ಯಜಮಾನರು, ಸಿಕ್ಕಿದ್ದೇ ಅವಕಾಶವೆಂದು.

ಅತ್ತೆ ಮೇಸ್ತ್ರಿಯ ಸುತ್ತಿಗೆ ಇಸಿದುಕೊಂಡರು. ಎಲ್ಲರೂ ನೋಡುತ್ತಿದ್ದ ಹಾಗೆ ಎರಡೂ ಕೈಯಲ್ಲಿ ಎತ್ತಿ ಗ್ರಾನೈಟಿನ ಮೇಲೆ ಬಿಟ್ಟರು. ಮತ್ತೆ ಎತ್ತಿದರು. ಗ್ರಾನೈಟು ಸೀಳಿ ಬಿತ್ತು. ಯಜಮಾನರು ಅದನ್ನು ಜಿಗಣಿಯವರೆಗೆ ಹೋಗಿ ಆರಿಸಿ ತಂದಿದ್ದರು ಪಾಪ, ಕಣ್ಣು ಮುಚ್ಚಿಕೊಂಡರು. "ಮೆಟ್ಲು ಇನ್ನೊಂದು ಸಿಕ್ತದೆ" ಎಂದು ಸುತ್ತಿಗೆ ವಾಪಸು ಕೊಟ್ಟು ಅತ್ತೆ ಮತ್ತೆ "ಐಸಾ!" ಎಂದರು. ಎಲ್ಲರ ಜೊತೆ ನಾನೂ ಯಾಕೋ ಭುಜ ಕೊಟ್ಟು ತಳ್ಳಿದೆ. ಹಾಗೆ ತಳ್ಳುವಷ್ಟು ಹಠ ನನಗೆಲ್ಲಿಂದ ಬಂತೋ ಗೊತ್ತಿಲ್ಲ. ಸಂಜೆಗೆ ಡ್ರಮ್ಮು ಹೊಸ ಗುಂಡಿಯಲ್ಲಿ ಬೋರಲು ಬಿದ್ದಿತು. ಹಸು ಬಂದು ಮೂಸಿ ನೋಡಿ ತಲೆ ಆಡಿಸಿತು.

ಬಿದ್ದದ್ದು ಏಳಲಿಲ್ಲ!

"ಡ್ರಮ್ಮು ಎದ್ದೈತಾ?" ಅತ್ತೆ ಬೆಳಿಗ್ಗೆ ಕೇಳುವರು. ಇಲ್ಲ. ಮಧ್ಯಾಹ್ನ ಕೇಳುವರು. ಇಲ್ಲ. ಜಾಗ ಬದಲಾದ ಬಗ್ಗಡ ಮತ್ತೆ ಹುಳಿತು ಗ್ಯಾಸಾಗಲು ಸಮಯ ಬೇಕು ಎಂದು ಯಜಮಾನರು ಫೋನಿನಲ್ಲಿ ಓದಿ ಹೇಳಿದರು. ಹುಣ್ಣಿಮೆ ಹತ್ತಿರ ಬರುತ್ತಿತ್ತು. ಅತ್ತೆ ಊಟ ಕಡಿಮೆ ಮಾಡಿದರು, ಬೈಯುವುದನ್ನೂ ಕಡಿಮೆ ಮಾಡಿದರು. ಅವರು ಬೈಯದೆ ಇದ್ದದ್ದು ನನಗೆ ಹೆದರಿಕೆ ಹುಟ್ಟಿಸಿತು.

ಅಷ್ಟರಲ್ಲಿ ಹುಲಿಗೆವ್ವನಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಹೆಣ್ಣುಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ, ಇನ್ನೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ ಎಂದು ಫೋನ್ ಬಂತು. ಆ ಸುದ್ದಿ ಹೇಳಲು ಹೊರಗೆ ಬಂದರೆ ಅತ್ತೆ ಡ್ರಮ್ಮಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅದಕ್ಕೆ ಕೆನ್ನೆ ಒತ್ತಿದ್ದರು. ಒಳಗೆ ಗುಳಗುಳ ಸದ್ದು ಕೇಳುತ್ತದೇನೋ ಎಂದು.

"ಎಳ್ಡು ದಿನದಾಗೆ ಬತ್ತಾಳಾ?" ಎಂದರು. ಕಣ್ಣಲ್ಲಿ ನೀರಿತ್ತು. "ಬಾಣಂತಿಗೆ ನೀರು ಎಲ್ಲಿ ಕಾಯಿಸ್ಲವ್ವಾ?"

ಆಗ ಗೊತ್ತಾಯಿತು ನನಗೆ, ಹಂಡೆ ಯಾಕೆ ಇಳಿಯಿತು, ಹುಣ್ಣಿಮೆ ಯಾಕೆ ಬಂತು ಎಂದು. ಹರಕೆಯೂ ಅಲ್ಲ, ಮಾವನವರ ನೆನಪೂ ಅಲ್ಲ. ಹುಲಿಗೆವ್ವನ ದಿನ ಲೆಕ್ಕ ಹಾಕಿದ್ದರು ಅಷ್ಟೇ.

ನನಗೆ ಸಿಟ್ಟೇ ಬಂತು. "ಅಲ್ಲ ಅತ್ತೆ, ಇಷ್ಟಕ್ಕೆ ಇಷ್ಟೆಲ್ಲನಾ? ನಮ್ಮನೇಲಿ ಸೋಲಾರ್ ಇಲ್ವಾ? ಗೀಸರ್ ಇಲ್ವಾ? ಬಕೆಟ್ ಬಕೆಟ್ ನೀರು ಕೊಡೋಣ!"

"ಕೊಡಾಣ. ಆ ಹುಡ್ಗಿ ಇಸ್ಕೋತಾಳೆ ಅಂತೀಯಾ? ಇಸ್ಕೊಂಡ್ರೂ ಮೂರು ದಿನಕ್ಕೆ ಎದ್ದು ಬಂದು ನಿನ್ ಪಾತ್ರೆ ತೊಳ್ಯಾಕೆ ಕೂತ್ಕೋತಾಳೆ. ಅಸಿ ಮೈಯಾಗೆ. ಅವ್ಳ ಸ್ವಭಾವ ನಂಗೊತ್ತು." ಅತ್ತೆ ಡ್ರಮ್ಮನ್ನು ಸವರಿದರು. "ಇದಾದ್ರೆ ಅಂಗಲ್ಲ. ಬಸ್ರಿ ಒಟ್ಟೆ ಇಟ್ಕೊಂಡು ದಿನಾ ತಿರುಗ್ಸವ್ಳೆ. ಇದ್ರ ಬೆಂಕಿ ಅವ್ಳದೇ. ಯಾರ್ ಹಂಗೂ ಇಲ್ಲ."

ನಾನು ಸ್ಕೂಟರ್ ತೆಗೆದೆ. ಇಸ್ತ್ರಿ ಮಾಡಿದ ಆಫೀಸಿನ ಚೂಡಿದಾರದಲ್ಲೇ ದಾಸರಹಳ್ಳಿಯ ಗಲ್ಲಿ ಗಲ್ಲಿ ಸುತ್ತಿ, ಹಸು ಕಟ್ಟಿದ ಮನೆ ಎಲ್ಲಿ ಕಂಡರೂ ನಿಂತು, "ಅಣ್ಣಾ, ಸ್ವಲ್ಪ ಸಗಣಿ ಇದ್ರೆ ಕೊಡಿ" ಎಂದು ಕೇಳಿದೆ. ಕಾಲುಗಳ ನಡುವೆ ಬಕೆಟ್ಟು ಇಟ್ಟುಕೊಂಡು ತುಮಕೂರು ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನವರು ಗಾಜು ಏರಿಸಿಕೊಂಡರು. ಏರಿಸಿಕೊಳ್ಳಲಿ! ನಮ್ಮ ಕಂಪನಿಯ ಮ್ಯಾನೇಜರ್ ಕೂಡ ಅದೇ ಸಿಗ್ನಲ್ಲಿನಲ್ಲಿ ನನ್ನನ್ನು ನೋಡಿದರು. "ಲೀವಾ?" ಎಂದರು. "ಹೌದು ಸಾರ್, ಬಾಣಂತನ" ಎಂದೆ. ಅವರು ಬಕೆಟ್ಟು ನೋಡಿ ಹಸಿರು ದೀಪಕ್ಕೂ ಕಾಯದೆ ಹೊರಟರು.

ತಂದದ್ದನ್ನೆಲ್ಲ ಬೆಚ್ಚಗಿನ ನೀರಿನಲ್ಲಿ ಕಲಸಿ ಸುರಿದೆವು. ಹಳಸಿದ ಅನ್ನ, ಕೊಳೆತ ಬಾಳೆಹಣ್ಣು, ಸಂದಿಯ ಅಷ್ಟೂ ಮನೆಗಳ ಸಿಪ್ಪೆ. ಯಜಮಾನರು ಕೂಡ ಬಿಸಿಲು ಬೀಳಲೆಂದು ಶೀಟನ್ನೇ ಬಿಚ್ಚಿ ಪಕ್ಕಕ್ಕಿಟ್ಟರು. ಡ್ರಮ್ಮು ತಿರುಗಿಸಿದವಳು ನಾನು. ಹಿಡಿ ಹಿಡಿದು, ಕಾಲು ಊರಿ, ಪೂರ್ತಿ ಸುತ್ತು. ಮೊದಲೇ ನೊಂದಿದ್ದ ಭುಜ ಕಿತ್ತುಬರುವಂತಾಯಿತು. ಆದರೂ ಬಿಡಲಿಲ್ಲ.

ಹುಲಿಗೆವ್ವ ಬರುವ ಬೆಳಿಗ್ಗೆ ಅತ್ತೆ ಏನೂ ಕೇಳಲಿಲ್ಲ. ಕೇಳಲು ಹೆದರಿ ದೇವರ ಮನೆಯಲ್ಲೇ ಕೂತಿದ್ದರು. ನಾನು ಹೊರಗೆ ಹೋಗಿ ನೋಡಿದೆ. ಡ್ರಮ್ಮಿನ ಮೈಮೇಲೆ ಹಸಿ ಬಗ್ಗಡದ ಗೆರೆಯೊಂದು ಹೊಸದಾಗಿ ಕಾಣುತ್ತಿತ್ತು. ಒಂದು ಅಂಗೈಯಷ್ಟು ಮೇಲೆ ಬಂದಿತ್ತು.

"ಅತ್ತೇ! ಎದ್ದೈತೆ!" ಎಂದು ಕಿರುಚಿದೆ. ಅವರ ಭಾಷೆಯಲ್ಲೇ! ಅಪಾರ್ಟ್‌ಮೆಂಟಿನವರೆಲ್ಲ ಬಾಲ್ಕನಿಗೆ ಬಂದಿರಬೇಕು.

ಮೊದಲ ಗ್ಯಾಸು ಹತ್ತಲಿಲ್ಲ. ಬಿಟ್ಟು, ಕಾದು, ಮತ್ತೆ ಕಡ್ಡಿ ಗೀರಿದರು ಅತ್ತೆ. ಪುಸ್ ಎಂದಿತು. ಆಮೇಲೆ ನೀಲಿಯಾಗಿ, ಸಣ್ಣದಾಗಿ ಉರಿ ನಿಂತಿತು. ಹಂಡೆ ಒಲೆಗೇರಿತು. ಉರಿ ಸಣ್ಣದು, ಹಂಡೆ ದೊಡ್ಡದು, ನೀರು ಕಾಯುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು ಬಂದಿತ್ತು. ಹಸುವಿನ ಕೊಟ್ಟಿಗೆಗೆ ಸೀರೆ ಮರೆ ಕಟ್ಟಿ, ಅತ್ತೆ ಕಾಲು ನೀಡಿ ಕೂತು, ಆ ಬೊಗಸೆಯಷ್ಟು ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕಿದರು. ಕೂಸು ಒಮ್ಮೆ ಕಿರುಚಿ, ಬೆಚ್ಚಗಾದ ಮೇಲೆ ಕಣ್ಣು ಮುಚ್ಚಿತು. "ನಿನ್ ಗಂಡನ್ನೂ ಇದ್ರ ನೀರಲ್ಲೇ ತೊಳೆದಿದ್ದು ಕಣೆ. ಅವ್ನು ಇದಕ್ಕಿಂತ ಜಾಸ್ತಿ ಕಿರುಚ್ತಿದ್ದ" ಎಂದರು ನನಗೆ. ಬಾಣಂತಿಯ ಸೊಂಟಕ್ಕೂ ಬಿಸಿ ಬಿಸಿ ನೀರು ಸುರಿದರು. "ಸಾಕ್ರೀ ಅವ್ವಾರ, ಎಷ್ಟ್ ಹಾಕ್ತೀರಿ!" ಎಂದಳು ಹುಲಿಗೆವ್ವ. "ನಿಂದೇ ನೀರು. ಸುಮ್ಕೆ ಕೂತ್ಕೋ" ಎಂದರು ಅತ್ತೆ. ಅವಳು ಮುಖ ಮುಚ್ಚಿಕೊಂಡು ಸುಮ್ಮನೆ ಕೂತಳು.

ತಾಯಿ ಮಗುವನ್ನು ಒಳಗೆ ಕಳಿಸಿ, ಮಂಚದ ಕೆಳಗೆ ಕೆಂಡ ಇಟ್ಟು, ಹೊದಿಸಿ ಮಲಗಿಸಿ ಬಂದೆವು. ಹಂಡೆಯ ತಳದಲ್ಲಿ ಇನ್ನೂ ನೀರಿತ್ತು. ನಾನು ಬಳಿದು ಚೆಲ್ಲಲು ಬಗ್ಗಿದೆ.

"ಚೆಲ್ಬೇಡ. ನೀ ಕೂತ್ಕೋ."

"ನಾನ್ಯಾಕತ್ತೆ? ನಾನೇನು ಬಾಣಂತಿನಾ?"

"ಭುಜ ಎತ್ತಕ್ಕಾಗ್ದೆ ಒದ್ದಾಡ್ತಾ ಇದ್ದೀಯಲ್ಲ, ಕಾಣಾಕಿಲ್ವಾ ನಂಗೆ? ತಿರುಗ್ಸಿದೋರಿಗೆ ಬೆಂಕಿ. ಕೂತ್ಕೋ."

ಕೂತೆ. ಅತ್ತೆ ನನ್ನ ಕೂದಲನ್ನು ಎತ್ತಿ ಕಟ್ಟಿ, ಒರಟು ಅಂಗೈಯಲ್ಲಿ ಭುಜ ಉಜ್ಜಿ, ನಿಧಾನವಾಗಿ ನೀರು ಹಾಕಿದರು. ಬೆನ್ನಿನ ಉದ್ದಕ್ಕೂ ಬಿಸಿ ಇಳಿಯಿತು. ಅಮ್ಮ ಹೋದ ಮೇಲೆ ನನ್ನ ಬೆನ್ನಿಗೆ ಯಾರೂ ನೀರು ಹಾಕಿರಲಿಲ್ಲ. ಅದು ನೆನಪಾದದ್ದೇ ತಡ, ಇಷ್ಟು ವರ್ಷ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಉಕ್ಕಿ ಬಂದು ನಾನು ಮಗುವಿನ ಹಾಗೆ ಅತ್ತುಬಿಟ್ಟೆ.

ಅತ್ತೆ ಹಂಡೆ ಬಗ್ಗಿಸಿ ಇನ್ನೊಂದು ಚೊಂಬು ಹಾಕಿದರು.